ಒಗ್ಗದ ಮದ್ದಿನ ವಂಶಾವಳಿ

ಸುಗ್ಗಿ ಮುಗಿದು, ಕಣದ ಜೋಳ ಮನೆ ಸೇರಿ, ತುಂಗಭದ್ರೆಯ ಹಿನ್ನೀರಿನ ಕಡೆಯಿಂದ ಬೀಸುವ ಬೆಳಗಿನ ಗಾಳಿಯಲ್ಲಿ ಚಳಿಯು ಇನ್ನೂ ಪೂರ್ತಿಯಾಗಿ ಬಿಟ್ಟುಹೋಗದ ದಿನಗಳಲ್ಲಿ ನಮ್ಮ ಹಂಪಸಾಗರಕ್ಕೆ ಹೆಳವರು ಬರುವುದುಂಟು. ಎತ್ತಿನ ಬೆನ್ನೇರಿ, ಗಂಟೆ ಬಾರಿಸುತ್ತ, ಮನೆಯ ಹಿರಿಯರ ಹೆಸರನ್ನು ಬೀದಿಯಿಂದಲೇ ಕೂಗುತ್ತ ಬರುತ್ತಿದ್ದ ಹೆಳವರನ್ನು ನಮ್ಮಜ್ಜ ಕಂಡಿದ್ದರು. ನಾನು ಕಂಡದ್ದು, ಕೆಂಪು ಬಟ್ಟೆಯಲ್ಲಿ ಸುತ್ತಿದ ದಪ್ಪನೆಯ ವಹಿಯನ್ನು ಬಗಲಲ್ಲಿ ಅವುಚಿಕೊಂಡು ಬಂದು, ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕುಳಿತು, ಕೊಟ್ಟ ನೀರು ಕುಡಿದು, ಮೂಲಪುರುಷನಿಂದ ಮೊದಲುಗೊಂಡು ಮೊನ್ನೆ ಹುಟ್ಟಿದ ಕೂಸಿನವರೆಗೆ ಹೆಸರುಗಳನ್ನು ಒಂದೇ ಧಾಟಿಯಲ್ಲಿ ಓದಿ ಹೇಳುವ ಹೆಳವನನ್ನು. ಯಾರು ಯಾವ ಊರಿನಿಂದ ಬಂದರು, ಯಾವ ಬರದಲ್ಲಿ ಹೊಲ ಬಿಟ್ಟರು, ಯಾರಿಗೆ ಮಕ್ಕಳಾಗಲಿಲ್ಲ, ಯಾರು ದತ್ತು ಹೋದರು, ಯಾವ ಸೊಸೆ ಯಾವ ಮನೆತನದವಳು ಎಂಬುದೆಲ್ಲವೂ ಆ ವಹಿಯಲ್ಲಿದ್ದವು. ಒಂದು ಸಂಗತಿ ಮಾತ್ರ ಅಲ್ಲಿರಲಿಲ್ಲ: ಯಾರ ಮೈಗೆ ಯಾವ ಮದ್ದು ಒಗ್ಗದೆ ಹೋಯಿತೆಂಬುದು.

ಒಗ್ಗು ಎಂಬುದು ನಮ್ಮ ನುಡಿಯ ಬಹು ಅರ್ಥವತ್ತಾದ ಮಾತು. ಊರ ನೀರು ಒಗ್ಗುವುದಿಲ್ಲ, ಬದನೆಕಾಯಿ ಒಗ್ಗುವುದಿಲ್ಲ, ಆ ಡಾಕ್ಟರ ಗುಳಿಗಿ ನಮಗೆ ಒಗ್ಗಂಗಿಲ್ಲ ಎಂದು ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳ ಯಾವ ಮನೆಯಲ್ಲಾದರೂ ಕೇಳಬಹುದು. ಈ ಮಾತಿನಲ್ಲಿ ನೀರು ಕೆಟ್ಟದ್ದೆಂಬ ದೂರಿಲ್ಲ, ಮೈ ಕೆಟ್ಟದ್ದೆಂಬ ದೂರೂ ಇಲ್ಲ. ದೋಷವು ಎರಡರ ನಡುವಣ ಸಂಬಂಧದಲ್ಲಿ ಇರುವುದೆಂಬ ತಿಳಿವಳಿಕೆ ಇದೆ. ಒಂದೇ ಔಷಧ, ಒಂದೇ ಪ್ರಮಾಣ, ಒಂದೇ ರೋಗ. ಆದರೂ ಒಬ್ಬನಿಗೆ ಅಮೃತವಾದದ್ದು ಮತ್ತೊಬ್ಬನಿಗೆ ವಿಷವಾಗುವುದೇಕೆ ಎಂಬ ಪ್ರಶ್ನೆಯನ್ನು ಹಿಡಿದು ತಮ್ಮ ಆಯುಷ್ಯವನ್ನೇ ಅದರಲ್ಲಿ ಕಳೆದ ವೈದ್ಯರ ಒಂದು ಪರಂಪರೆಯೇ ಕಳೆದ ಎಪ್ಪತ್ತು ವರ್ಷಗಳಲ್ಲಿ ಬೆಳೆದುಬಂದಿದೆ. ಅವರನ್ನು ಕ್ಲಿನಿಕಲ್ ಫಾರ್ಮಕಾಲಜಿಸ್ಟರೆಂದು ಕರೆಯುತ್ತಾರೆ. ನಮ್ಮ ಸೀಮೆಯಲ್ಲಿ ಆ ಹೆಸರನ್ನು ಕೇಳಿದವರು ವಿರಳ. ನಾನು ಕೇಳಿದ್ದು ನಮ್ಮ ಚಿಕ್ಕಮ್ಮನ ದೆಸೆಯಿಂದ.

ಚಿಕ್ಕಮ್ಮನೆಂದರೆ ನನ್ನ ತಾಯಿಯ ಒಡಹುಟ್ಟಿದ ತಂಗಿ, ನನ್ನ ತಂದೆಯ ತಮ್ಮನನ್ನೇ ಮದುವೆಯಾದವರು. ಅಕ್ಕತಂಗಿಯರಿಬ್ಬರೂ ಅಣ್ಣತಮ್ಮಂದಿರ ಕೈಹಿಡಿದು ಒಂದೇ ಹೊಸ್ತಿಲು ದಾಟಿ ಬಂದವರು. ಆಕೆಗೆ ನಡುವಯಸ್ಸಿನಲ್ಲಿ ಮೂರ್ಛೆ ಕಾಣಿಸಿಕೊಂಡಿತು. ಪಟ್ಟಣದ ಒಂದು ಆಸ್ಪತ್ರೆಯಲ್ಲಿ ಫಿಟ್ಸಿನ ಗುಳಿಗೆ ಬರೆದುಕೊಟ್ಟರು. ತಪ್ಪದೆ ನುಂಗಬೇಕೆಂದರು, ನಿಲ್ಲಿಸಿದರೆ ಅಪಾಯವೆಂದರು, ಆದರೆ ಮೈಮೇಲೆ ಗಂಧೆ ಎದ್ದರೆ ಕೂಡಲೇ ಬನ್ನಿರೆಂಬ ಒಂದು ಮಾತನ್ನು ಯಾರೂ ಹೇಳಲಿಲ್ಲ. ಮೂರನೆಯ ವಾರ ಜ್ವರ ಬಂತು, ಕಣ್ಣು ಕೆಂಪೇರಿತು, ಬಾಯಿಯೊಳಗೆ ಹುಣ್ಣಾಗಿ ಗುಟುಕು ನೀರೂ ಇಳಿಯದಾಯಿತು, ಎದೆಯ ಮೇಲೆ, ಬೆನ್ನಿನ ಮೇಲೆ ಕೆಂಪು ಬೊಕ್ಕೆಗಳೆದ್ದವು. ಮನೆಯಲ್ಲಿ ಹಿರಿಯರು ನೋಡಿ, ಅಮ್ಮ ಬಂದೈತಿ ಎಂದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಹಾಸಿಗೆಯ ಮೇಲೂ ಬೇವಿನೆಲೆ ಹರವಿದರು. ಒಗ್ಗರಣೆ ಹಾಕುವುದನ್ನು ಬಿಟ್ಟರು. ಡಾಕ್ಟರರ ಮಾತು ಮೀರಬಾರದೆಂಬ ಶ್ರದ್ಧೆಯಿಂದ ನನ್ನ ತಾಯಿ, ಆ ಗುಳಿಗೆಯನ್ನು ಮಾತ್ರ ಬೆಲ್ಲದ ನೀರಿನಲ್ಲಿ ಅರೆದು, ಹತ್ತಿಯ ಬತ್ತಿಯಲ್ಲಿ ಹನಿಹನಿಯಾಗಿ ತಂಗಿಯ ಬಾಯಿಗೆ ಬಿಡುತ್ತಿದ್ದಳು. ಮೂರು ದಿನ ಹೀಗೆ ನಡೆಯಿತು. ನಾಲ್ಕನೆಯ ದಿನ ಬೆನ್ನಿನ ಚರ್ಮವು ಹಾಸಿಗೆಯ ಬಟ್ಟೆಗೆ ಅಂಟಿಕೊಂಡು ಬಂತು.

ಬಳ್ಳಾರಿಗೆ ಕರೆದೊಯ್ದಾಗ ಅಲ್ಲಿನ ವೈದ್ಯರೊಬ್ಬರು ಮಾಡಿದ ಮೊದಲ ಚಿಕಿತ್ಸೆಯೆಂದರೆ ಒಂದು ಗುಳಿಗೆಯನ್ನು ನಿಲ್ಲಿಸಿದ್ದು. ಆ ಗುಳಿಗೆಯ ಹೆಸರು ಕಾರ್ಬಮಜೆಪೀನ್. ರೋಗದ ಹೆಸರು ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್. ಸುಟ್ಟಗಾಯದ ರೋಗಿಯನ್ನು ಆರೈಕೆ ಮಾಡುವಂತೆ ಆರೈಕೆ ಮಾಡಿ ಅವರು ಚಿಕ್ಕಮ್ಮನನ್ನು ಉಳಿಸಿಕೊಟ್ಟರು. ಬಿಡುಗಡೆಯ ದಿನ ಒಂದು ಚೀಟಿಯಲ್ಲಿ ಕನ್ನಡದಲ್ಲಿಯೇ ದೊಡ್ಡ ಅಕ್ಷರಗಳಿಂದ, ಇವರಿಗೆ ಈ ಔಷಧವನ್ನು ಎಂದಿಗೂ ಕೊಡಬಾರದು ಎಂದು ಬರೆದು, ಸಹಿ ಹಾಕಿ, ಕೈಗಿತ್ತರು. ಇದು ವಂಶದಲ್ಲಿ ಇಳಿದುಬರುವ ಗುಣವಿರಬಹುದು, ಒಡಹುಟ್ಟಿದವರೂ ಮಕ್ಕಳೂ ಡಾಕ್ಟರರ ಬಳಿಗೆ ಹೋದಾಗ ಈ ಸಂಗತಿಯನ್ನು ಹೇಳತಕ್ಕದ್ದು ಎಂದು ಎರಡೆರಡು ಬಾರಿ ತಿಳಿಸಿದರು. ಆ ಚೀಟಿಯನ್ನು ಚಿಕ್ಕಮ್ಮ ಎಲೆ-ಅಡಿಕೆಯ ಸಂಚಿಯಲ್ಲಿಟ್ಟುಕೊಂಡರು. ಸುಣ್ಣದ ಕಲೆ ಹತ್ತಿ, ಮಡಿಕೆಯ ಗೆರೆಗಳಲ್ಲಿ ಸವೆದು ನಾಲ್ಕು ತುಂಡಾಗುವ ಸ್ಥಿತಿಗೆ ಬಂದರೂ ಅದು ಇಂದಿಗೂ ಆ ಸಂಚಿಯಲ್ಲಿದೆ.

ವಂಶದಲ್ಲಿ ಇಳಿದುಬರುವ ಗುಣವೆಂಬ ಆ ವೈದ್ಯರ ಮಾತೇ ನನ್ನನ್ನು ಈ ವಿಷಯದ ಬೆನ್ನು ಹತ್ತುವಂತೆ ಮಾಡಿತು. ಔಷಧದ ಗುಣದೋಷಗಳನ್ನು ಹೇಳುವ ಶಾಸ್ತ್ರಕ್ಕೂ ಹೆಳವನ ವಹಿಗೂ ಏನು ಸಂಬಂಧ? ಈ ಪ್ರಶ್ನೆಯನ್ನು ಮೊದಲು ವ್ಯವಸ್ಥಿತವಾಗಿ ಕೈಗೆತ್ತಿಕೊಂಡವರಲ್ಲಿ ವೆರ್ನರ್ ಕಾಲೋ ಪ್ರಮುಖರು. ಜರ್ಮನಿಯಲ್ಲಿ ಹುಟ್ಟಿ, ಮಹಾಯುದ್ಧದ ತರುವಾಯ ಕೆನಡಾ ದೇಶದ ಟೊರಾಂಟೊ ವಿಶ್ವವಿದ್ಯಾನಿಲಯವನ್ನು ಸೇರಿದ ಈತನು, ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ರೋಗಿಯ ಸ್ನಾಯುಗಳನ್ನು ಸಡಿಲಿಸಲು ಕೊಡುವ ಸಕ್ಸಿನೈಲ್ ಕೋಲೀನ್ ಎಂಬ ಔಷಧವನ್ನು ಕುರಿತು ಯೋಚಿಸುತ್ತಿದ್ದನು. ಸಾಮಾನ್ಯ ಮನುಷ್ಯನಲ್ಲಿ ಅದರ ಪ್ರಭಾವ ಕೆಲವೇ ನಿಮಿಷಗಳದು; ರಕ್ತದಲ್ಲಿರುವ ಒಂದು ಕಿಣ್ವವು ಅದನ್ನು ಬೇಗನೆ ಒಡೆದುಹಾಕುವುದು, ರೋಗಿ ತಾನಾಗಿ ಉಸಿರಾಡುವನು. ಆದರೆ ಎಲ್ಲೋ ಸಾವಿರಾರು ಮಂದಿಯಲ್ಲೊಬ್ಬನು ಗಂಟೆಗಟ್ಟಲೆ ಉಸಿರಿಲ್ಲದೆ ಮಲಗಿಬಿಡುವನು. ಉಸಿರಿನ ಯಂತ್ರವು ಪಕ್ಕದಲ್ಲಿಲ್ಲದಿದ್ದರೆ ಅವನ ಗತಿ ಮುಗಿದಂತೆಯೇ. 1957ರಲ್ಲಿ ಕಾಲೋ ಮತ್ತು ಅವನ ಸಹೋದ್ಯೋಗಿ ಜೆನೆಸ್ಟ್, ಡೈಬುಕೇನ್ ಎಂಬ ಮತ್ತೊಂದು ಔಷಧದಿಂದ ಈ ಕಿಣ್ವವನ್ನು ಎಷ್ಟರಮಟ್ಟಿಗೆ ತಡೆಗಟ್ಟಬಹುದೆಂದು ಅಳೆಯುವ ಕ್ರಮವೊಂದನ್ನು ಪ್ರಕಟಿಸಿದರು. ಸಾಮಾನ್ಯರಲ್ಲಿ ಈ ಅಂಕ 80ರ ಸುತ್ತ, ಒಗ್ಗದವರಲ್ಲಿ 20ರ ಸುತ್ತ, ಅವರ ತಂದೆತಾಯಿಗಳಲ್ಲಿಯೂ ಮಕ್ಕಳಲ್ಲಿಯೂ 60ರ ಸುತ್ತ. ಈ ನಡುವಣ ಸಂಖ್ಯೆಯಲ್ಲಿಯೇ ರಹಸ್ಯವಡಗಿತ್ತು: ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು ಪ್ರತಿ, ಎರಡೂ ದೋಷಯುಕ್ತವಾದವನಿಗೆ ವಿಪತ್ತು, ಒಂದು ಮಾತ್ರ ದೋಷಯುಕ್ತವಾದವನು ಏನೂ ಅರಿಯದೆ ಅದನ್ನು ಮುಂದಿನವರಿಗೆ ದಾಟಿಸುವನು. ಅದೇ ವರ್ಷ ಅಮೆರಿಕೆಯ ಆರ್ನೋ ಮೊಟುಲ್ಸ್ಕಿ ಇಂಥ ಪ್ರಕರಣಗಳನ್ನು ಒಂದೆಡೆ ತಂದು ಪ್ರಬಂಧ ಬರೆದನು. 1959ರಲ್ಲಿ ಜರ್ಮನಿಯ ಫ್ರೀಡ್ರಿಷ್ ಫೋಗೆಲ್ ಈ ಶಾಸ್ತ್ರಕ್ಕೆ ಫಾರ್ಮಕೋಜೆನೆಟಿಕ್ಸ್ ಎಂದು ಹೆಸರಿಟ್ಟನು. 1962ರಲ್ಲಿ ಕಾಲೋ ಅದರ ಮೊದಲ ಗ್ರಂಥವನ್ನು ಬರೆದನು.

ಟೊರಾಂಟೊದ ಈ ಕಥೆಗೂ ಕೊಟ್ಟೂರು, ಹರಪನಹಳ್ಳಿಗಳ ಪೇಟೆಬೀದಿಗೂ ಬಹಳ ದೂರವಿಲ್ಲ. ವಾಸವಿ ಕನ್ಯಕಾಪರಮೇಶ್ವರಿಯನ್ನು ಕುಲದೇವತೆಯಾಗಿ ಪೂಜಿಸುವ ಆರ್ಯವೈಶ್ಯ ಸಮುದಾಯವು ಆಂಧ್ರ, ತೆಲಂಗಾಣ, ತಮಿಳುನಾಡುಗಳಲ್ಲಿಯೂ ನಮ್ಮ ಸೀಮೆಯ ವರ್ತಕ ಬೀದಿಗಳಲ್ಲಿಯೂ ಶತಮಾನಗಳಿಂದ ನೆಲೆಸಿರುವುದಷ್ಟೆ. ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾನಿಲಯದ ಆರ್. ಬೂಪತಿ ಮತ್ತು ಅವರ ಸಂಗಡಿಗರು, ಈ ಕಿಣ್ವದಲ್ಲಿ ಜಗತ್ಪ್ರಸಿದ್ಧ ಪರಿಣತರಾದ ಅಮೆರಿಕೆಯ ಒಕ್ಸಾನಾ ಲಾಕ್‌ರಿಜ್ ಅವರೊಡಗೂಡಿ, ಈ ಸಮುದಾಯದಲ್ಲಿ ಆ ಕಿಣ್ವದ ಕೊರತೆ ಇತರರಲ್ಲಿರುವುದಕ್ಕಿಂತ ಬಹಳ ಹೆಚ್ಚೆಂಬುದನ್ನೂ, ಅದರ ಮೂಲವು ಒಂದೇ ಒಂದು ಅಕ್ಷರದೋಷವೆಂಬುದನ್ನೂ ತೋರಿಸಿಕೊಟ್ಟರು. ಅವರ ಪ್ರಬಂಧ 2006ರಲ್ಲಿ ಬೆಳಕು ಕಂಡಿತು. ಕಿಣ್ವದ ಸರಪಣಿಯ 307ನೆಯ ಕೊಂಡಿಯಲ್ಲಿ ಲ್ಯೂಸೀನ್ ಇರಬೇಕಾದ ಕಡೆ ಪ್ರೋಲೀನ್ ಬಂದು ಕುಳಿತಿದೆ. ಅಷ್ಟರಿಂದಲೇ ಇಡೀ ಕಿಣ್ವ ನಿಷ್ಕ್ರಿಯವಾಗುತ್ತದೆ. ಹಿಂದೆಂದೋ ಒಂದು ಸಣ್ಣ ಮೂಲಗುಂಪಿನಿಂದ ಹುಟ್ಟಿ, ತಮ್ಮೊಳಗೆಯೇ ಕೊಟ್ಟು ತಂದು ಬೆಳೆದು ಲಕ್ಷೋಪಲಕ್ಷವಾದ ಜನದಲ್ಲಿ, ಆ ಮೂಲಗುಂಪಿನ ಯಾರೋ ಒಬ್ಬರಲ್ಲಿದ್ದ ವಿರಳ ಗುಣವೂ ಲಕ್ಷೋಪಲಕ್ಷವಾಗಿ ಬೆಳೆಯುವುದು ಗಣಿತದ ನಿಯಮವೇ ಹೊರತು ಯಾರ ಪಾಪವೂ ಅಲ್ಲ. ಇದನ್ನು ಒತ್ತಿ ಹೇಳಬೇಕಾಗಿದೆ. ಏಕೆಂದರೆ ರಕ್ತದ ಮಾತು ಬಂದೊಡನೆ ನಮ್ಮಲ್ಲಿ ಹೆಣ್ಣು ಕೊಡುವ ತರುವ ಮಾತು ಬರುತ್ತದೆ, ಮರೆಮಾಚುವಿಕೆ ಮೊದಲಾಗುತ್ತದೆ. ಈ ಕೊರತೆಯುಳ್ಳವನು ದಿನನಿತ್ಯದ ಬಾಳಿನಲ್ಲಿ ಪೂರ್ಣ ಆರೋಗ್ಯವಂತನು. ಆಪರೇಷನ್ನಿನ ಮೇಜಿನ ಮೇಲೆ ಆ ಒಂದು ಸೂಜಿಮದ್ದನ್ನು ಬಿಟ್ಟು, ಆ ಕಿಣ್ವವನ್ನು ಅವಲಂಬಿಸದ ಬೇರೊಂದನ್ನು ಕೊಟ್ಟರೆ ಅವನಿಗೆ ಆ ಭಯವಿಲ್ಲ. ಅರಿವಳಿಕೆಯ ವೈದ್ಯರು ಮುಂಚಿನ ದಿನ ಹಾಸಿಗೆಯ ಬಳಿ ಬಂದು, ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆದ ಮೇಲೆ ಎಚ್ಚರವಾಗುವುದು ತಡವಾಗಿತ್ತೇನಪ್ಪ ಎಂದು ಕೇಳಿದರೆ, ಅದು ಕುಶಲಪ್ರಶ್ನೆಯಲ್ಲ. ಜೀವ ಉಳಿಸುವ ಪ್ರಶ್ನೆ.

ಕುಲವೆಂಬುದು ನಮ್ಮ ದೇಶದಲ್ಲಿ ಎಷ್ಟು ಅನರ್ಥಗಳಿಗೆ ಕಾರಣವಾಗಿದೆಯೆಂಬುದನ್ನು ಬಲ್ಲ ನನಗೆ, ವೈದ್ಯಶಾಸ್ತ್ರವೂ ಕುಲವನ್ನು ಕೇಳುವುದನ್ನು ಕಂಡು ಮೊದಲು ಮನಸ್ಸು ಮುದುಡಿತು. ತರುವಾಯ ತಿಳಿಯಿತು, ಕುಲವನ್ನು ಕೇಳುವುದು ಪರೀಕ್ಷೆಯಿಲ್ಲದ ಕಾಲದ ಊರುಗೋಲೆಂದು. ಒಂದು ತೊಟ್ಟು ರಕ್ತದಿಂದ ಆಯಾ ವ್ಯಕ್ತಿಯದೇ ಉತ್ತರ ಸಿಗುವ ದಿನ ಆ ಪ್ರಶ್ನೆಯ ಅಗತ್ಯವೇ ತಪ್ಪುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನಶಾಸ್ತ್ರದ ಆಚಾರ್ಯರಾಗಿದ್ದ ಎನ್. ಅಪ್ಪಾಜಿ ರಾವ್ ಅವರು 1980ರ ದಶಕದಲ್ಲಿ ಎ. ರಾಧಾ ರಮಾದೇವಿ ಮೊದಲಾದ ಸಹೋದ್ಯೋಗಿಗಳೊಡನೆ ಕರ್ನಾಟಕದ ಸುಮಾರು ಒಂದು ಲಕ್ಷ ನವಜಾತ ಶಿಶುಗಳ ರಕ್ತದ ಹನಿಗಳನ್ನು ಪರೀಕ್ಷಿಸಿ, ಹುಟ್ಟಿನಿಂದಲೇ ಬರುವ ಕಿಣ್ವದೋಷಗಳು ನಮ್ಮಲ್ಲಿ ಎಷ್ಟೆಂಬುದನ್ನೂ, ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ಮದುವೆಯಾಗುವ ನಮ್ಮ ಪದ್ಧತಿಗೂ ಅವಕ್ಕೂ ಇರುವ ನಂಟನ್ನೂ ಅರಸಿದರು. ಅದು ಔಷಧದ ಅಧ್ಯಯನವಾಗಿರಲಿಲ್ಲ, ನಿಜ. ಆದರೆ ಕನ್ನಡನಾಡಿನ ರಕ್ತದ ಲೆಕ್ಕವನ್ನು ಕನ್ನಡನಾಡಿನಲ್ಲಿಯೇ ಬರೆಯಬೇಕೆಂಬ ಶ್ರದ್ಧೆಯ ದೊಡ್ಡ ಉದಾಹರಣೆಯೆಂದು ಅದನ್ನು ಇಲ್ಲಿ ನೆನೆಯುತ್ತೇನೆ.

ಬಳ್ಳಾರಿ ಜಿಲ್ಲೆಯು 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದರಾಸಿನ ಆಡಳಿತದಲ್ಲಿತ್ತು. ನಮ್ಮ ಹಿರಿಯರಿಗೆ ದೊಡ್ಡ ಆಸ್ಪತ್ರೆಯೆಂದರೆ ಮದರಾಸೇ. ಅಲ್ಲಿ 1956ರಲ್ಲಿ ಆರಂಭವಾದ ಕ್ಷಯರೋಗ ಚಿಕಿತ್ಸಾ ಸಂಶೋಧನ ಕೇಂದ್ರದಲ್ಲಿ, ಕ್ಷಯರೋಗಿಗಳನ್ನು ಸ್ಯಾನಿಟೋರಿಯಮ್ಮಿನಲ್ಲಿಡದೆ ಮನೆಯಲ್ಲಿಯೇ ಗುಳಿಗೆಗಳಿಂದ ಗುಣಪಡಿಸಬಹುದೆಂಬುದು ಸಿದ್ಧವಾದದ್ದನ್ನು ಬಹುಮಂದಿ ಬಲ್ಲರು. ಅದೇ ಕೇಂದ್ರದ ಮತ್ತೊಂದು ಕೆಲಸ ಅಷ್ಟು ಪ್ರಸಿದ್ಧವಲ್ಲ. ಐಸೋನಿಯಾಜಿಡ್ ಎಂಬ ಕ್ಷಯದ ಗುಳಿಗೆಯನ್ನು ಹೆಚ್ಚಿನ ಪ್ರಮಾಣದಲ್ಲಿ ತೆಗೆದುಕೊಂಡ ಕೆಲವರಿಗೆ ಅಂಗಾಲು ಉರಿ, ಬೆರಳುಗಳಲ್ಲಿ ಜೋಮು. ಮತ್ತೆ ಕೆಲವರಿಗೆ ಏನೂ ಇಲ್ಲ. ಪರೀಕ್ಷಿಸಿ ನೋಡಲಾಗಿ, ಯಾರ ಪಿತ್ತಜನಕಾಂಗವು ಆ ಔಷಧವನ್ನು ನಿಧಾನವಾಗಿ ನಿಷ್ಕ್ರಿಯಗೊಳಿಸುತ್ತದೆಯೋ ಅವರಲ್ಲಿಯೇ ಈ ನರಬೇನೆ ಹೆಚ್ಚು. ಬಿ6 ಜೀವಸತ್ತ್ವವನ್ನು ಜೊತೆಗೆ ಕೊಟ್ಟರೆ ಅದನ್ನು ತಡೆಯಬಹುದು. ಈ ನಿಧಾನವೂ ವಂಶದಲ್ಲಿ ಇಳಿದುಬರುವುದೆಂದು ಡೇವಿಡ್ ಪ್ರೈಸ್ ಎವನ್ಸ್ ಎಂಬ ತರುಣ ವೈದ್ಯನು ಕುಟುಂಬ ಕುಟುಂಬಗಳನ್ನೇ ಪರೀಕ್ಷಿಸಿ 1960ರಲ್ಲಿ ಸಾಧಿಸಿ ತೋರಿಸಿದನು. ಭಾರತೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈ ನಿಧಾನದ ಪಂಗಡಕ್ಕೆ ಸೇರಿದವರು. ಜಪಾನೀಯರಲ್ಲಿ ಬಹುಪಾಲು ಮಂದಿ ವೇಗದ ಪಂಗಡಕ್ಕೆ. ಬಳ್ಳಾರಿಯ ವೆಲ್ಲೆಸ್ಲಿ ಸ್ಯಾನಿಟೋರಿಯಮ್ಮಿನಲ್ಲಿ ತಿಂಗಳುಗಟ್ಟಲೆ ಮಲಗಿ ಬಂದ ನಮ್ಮೂರ ಹಿರಿಯರೊಬ್ಬರು ಕಡೆಗಾಲದವರೆಗೆ, ಕ್ಷಯ ಹೋಯ್ತು, ಅಂಗಾಲಿನ ಉರಿ ಉಳೀತು ನೋಡಪ್ಪ ಎನ್ನುತ್ತಿದ್ದರು. ಆ ಉರಿಗೂ ಅವರ ವಂಶಕ್ಕೂ ಸಂಬಂಧವಿದ್ದಿರಬಹುದೆಂದು ಅವರಿಗೆ ಹೇಳುವವರು ಆಗ ಯಾರಿದ್ದರು?

ಎವನ್ಸನು ಮುಂದೆ ಕೆಲಸ ಮಾಡಿದ್ದು ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. ಅದೇ ಲಿವರ್‌ಪೂಲಿನ ವಿಶ್ವವಿದ್ಯಾನಿಲಯದಿಂದ 1985ರಲ್ಲಿ ವೈದ್ಯನಾಗಿ ಹೊರಬಂದ ಮುನೀರ್ ಪೀರ್‌ಮೊಹಮ್ಮದ್ ಎಂಬವರು ಈ ವೃತ್ತಿಯನ್ನು ಇಂದಿನ ಎತ್ತರಕ್ಕೆ ತಂದವರಲ್ಲಿ ಅಗ್ರಗಣ್ಯರು. ಅವರ ಬಾಳಿನ ಕೆಲಸವನ್ನು ಓದುವಾಗ ನನ್ನ ಗಮನವನ್ನು ಸೆಳೆದದ್ದು ಪ್ರಯೋಗಾಲಯದ ಯಾವ ಚಮತ್ಕಾರವೂ ಅಲ್ಲ, ಒಂದು ಎಣಿಕೆ. ಲಿವರ್‌ಪೂಲಿನ ಸುತ್ತಿನ ಎರಡು ಆಸ್ಪತ್ರೆಗಳಿಗೆ ಆರು ತಿಂಗಳಲ್ಲಿ ದಾಖಲಾದ 18,820 ರೋಗಿಗಳನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿ, ಅವರಲ್ಲಿ 1,225 ಮಂದಿಯ, ಎಂದರೆ ಶೇಕಡ 6.5ರಷ್ಟು ಮಂದಿಯ ದಾಖಲಾತಿಗೆ ಔಷಧದ ಪ್ರತಿಕೂಲ ಪರಿಣಾಮವೇ ಸಂಬಂಧಿಸಿದೆಯೆಂದು ಅವರೂ ಅವರ ಸಂಗಡಿಗರೂ 2004ರಲ್ಲಿ ಪ್ರಕಟಿಸಿದರು. ಹೊಸ ಔಷಧಗಳೇ ಅಪಾಯಕಾರಿಯೆಂಬ ನಂಬಿಕೆಯನ್ನು ಆ ಪಟ್ಟಿ ಸುಳ್ಳುಮಾಡಿತು. ಮುಂಚೂಣಿಯಲ್ಲಿದ್ದವು ಆಸ್ಪಿರಿನ್, ಮೂತ್ರ ಹೆಚ್ಚಿಸುವ ಗುಳಿಗೆಗಳು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ನೋವಿನ ಗುಳಿಗೆಗಳು, ಅಂದರೆ ಮನೆಮನೆಯ ಗೂಡಿನಲ್ಲಿರುವ ಹಳೆಯ ಪರಿಚಿತರು. ಮೊದಲು ಎಣಿಸು, ಆಮೇಲೆ ಕಾರಣ ಕೇಳು ಎಂಬ ಆ ಶಿಸ್ತು ನನಗೆ ಬಹಳ ಹಿಡಿಸಿತು. ಎಣಿಸಿದ ಮೇಲೆ ಅವರು ಕಾರಣವನ್ನೂ ಕೇಳಿದರು. 2007ರಲ್ಲಿ ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಸೇವೆಯು ಈ ಶಾಸ್ತ್ರಕ್ಕೆಂದೇ ಏರ್ಪಡಿಸಿದ ಆಚಾರ್ಯಪೀಠವನ್ನು ಏರಿ, ವಾರ್ಫರಿನ್ನಿನ ಪ್ರಮಾಣವನ್ನು ರೋಗಿಯ ಜೀನುಗಳನ್ನು ನೋಡಿ ನಿರ್ಣಯಿಸುವ ಪ್ರಯೋಗವನ್ನು 2013ರಲ್ಲಿ ಮುಗಿಸಿ, ಹೀಗೆ ಮಾಡಿದವರಲ್ಲಿ ರಕ್ತವು ಹದದಲ್ಲಿ ಉಳಿಯುವ ಕಾಲ ಹೆಚ್ಚೆಂದು ತೋರಿಸಿದರು. 2015ರಲ್ಲಿ ಅವರಿಗೆ ಸರ್ ಪದವಿ ಸಂದಿತು. ಇಷ್ಟಾದರೂ ಅವರು ಆಸ್ಪತ್ರೆಯ ವೈದ್ಯರಾಗಿ ರೋಗಿಗಳನ್ನು ನೋಡುವುದನ್ನು ಬಿಡಲಿಲ್ಲವೆಂಬುದು ಈ ವೃತ್ತಿಯ ತಿರುಳು. ಕೇವಲ ಔಷಧವನ್ನು ಬಲ್ಲವನು ಔಷಧತಜ್ಞ, ಕೇವಲ ರೋಗವನ್ನು ಬಲ್ಲವನು ವೈದ್ಯ. ಹಾಸಿಗೆಯ ಪಕ್ಕದಲ್ಲಿ ನಿಂತು ಎರಡನ್ನೂ ಒಟ್ಟಿಗೆ ನೋಡುವವನೇ ಕ್ಲಿನಿಕಲ್ ಫಾರ್ಮಕಾಲಜಿಸ್ಟ.

ಚಿಕ್ಕಮ್ಮನ ಗುಳಿಗೆಯ ಕಥೆ ತೈವಾನಿನಲ್ಲಿ ಬಿಡಿಸಲ್ಪಟ್ಟಿತು. ನಮ್ಮ ಜೀವಕಣಗಳ ಹೊರಮೈಯಲ್ಲಿ ಎಚ್‌ಎಲ್‌ಎ ಎಂಬ ಮುದ್ರೆಗಳಿವೆ. ಇದು ನಮ್ಮದು, ಇದು ಪರರದು ಎಂದು ದೇಹದ ಕಾವಲುಗಾರರು ಗುರುತಿಸುವುದು ಅವುಗಳಿಂದಲೇ. ಅವುಗಳಲ್ಲಿ ಒಂದು ಬಗೆಯ ಮುದ್ರೆಗೆ ಬಿ 15:02 ಎಂದು ಹೆಸರು. ಕಾರ್ಬಮಜೆಪೀನ್ ಈ ಮುದ್ರೆಗೆ ಹೋಗಿ ಅಂಟಿಕೊಂಡರೆ ಕಾವಲುಗಾರರು ಮೋಸಹೋಗಿ, ತಮ್ಮದೇ ಚರ್ಮವನ್ನು ಪರರದೆಂದು ಬಗೆದು ಮೇಲೆ ಬೀಳುತ್ತಾರೆ. 2004ರಲ್ಲಿ ತೈವಾನಿನ ಸಂಶೋಧಕರು ಪರೀಕ್ಷಿಸಿದ, ಹೀಗೆ ಚರ್ಮ ಕಳಚಿದ 44 ರೋಗಿಗಳಲ್ಲಿ 44 ಮಂದಿಗೂ ಈ ಮುದ್ರೆಯಿತ್ತು. ಅದೇ ಗುಳಿಗೆಯನ್ನು ಸುಖವಾಗಿ ಅರಗಿಸಿಕೊಂಡ 101 ಮಂದಿಯಲ್ಲಿ ಮೂವರಿಗೆ ಮಾತ್ರ. ತರುವಾಯ ಅಲ್ಲಿನ 4,877 ಮಂದಿಗೆ ಗುಳಿಗೆ ಕೊಡುವ ಮುನ್ನವೇ ರಕ್ತ ಪರೀಕ್ಷಿಸಿ, ಮುದ್ರೆಯಿದ್ದವರಿಗೆ ಬೇರೆ ಔಷಧ ಕೊಟ್ಟರು. 2011ರಲ್ಲಿ ಫಲಿತಾಂಶ ಹೊರಬಿತ್ತು. ಒಬ್ಬರಿಗೂ ಚರ್ಮ ಕಳಚಲಿಲ್ಲ. ವೈದ್ಯಶಾಸ್ತ್ರದಲ್ಲಿ ಸೊನ್ನೆಯೆಂಬ ಅಂಕವು ಇಷ್ಟು ಸುಂದರವಾಗಿ ಕಾಣುವುದು ಅಪರೂಪ. ಏಡ್ಸ್ ರೋಗಿಗಳಿಗೆ ಕೊಡುವ ಅಬಾಕವಿರ್ ಔಷಧದ ವಿಷಯದಲ್ಲಿಯೂ ಬಿ 57:01 ಎಂಬ ಮತ್ತೊಂದು ಮುದ್ರೆಯನ್ನು ಮುಂಚಿತವಾಗಿ ನೋಡಿದ್ದರಿಂದ ಇದೇ ಬಗೆಯ ಸೊನ್ನೆಯನ್ನು 2008ರಲ್ಲಿ ಸಾಧಿಸಿದ್ದರು.

ಭಾರತದಲ್ಲಿಯೂ ಈ ಮುದ್ರೆಯಿದೆ. ಪಶ್ಚಿಮ ಭಾರತದ ವೈದ್ಯರು 2009ರಲ್ಲಿ ವರದಿ ಮಾಡಿದ, ಕಾರ್ಬಮಜೆಪೀನಿನಿಂದ ಚರ್ಮ ಕಳಚಿದ 8 ರೋಗಿಗಳ ಪೈಕಿ 6 ಮಂದಿಯಲ್ಲಿ ಅದು ಕಂಡುಬಂದಿತ್ತು. ಮುದ್ರೆಯುಳ್ಳವರೆಲ್ಲರಿಗೂ ವಿಪತ್ತು ತಪ್ಪದೆಂದು ಭಾವಿಸಬಾರದು, ಬಹುಪಾಲು ಮಂದಿಗೆ ಏನೂ ಆಗದು. ಮುದ್ರೆಯಿಲ್ಲದವರಿಗೂ ಬೇರೆ ಕಾರಣದಿಂದ ಆಗಬಹುದು. ನಮ್ಮ ಚಿಕ್ಕಮ್ಮನಿಗೆ ಈ ಪರೀಕ್ಷೆ ನಡೆಯಲಿಲ್ಲವಾದ್ದರಿಂದ ಆಕೆಯ ವಿಷಯದಲ್ಲಿ ಕಾರಣ ಇದೇ ಎಂದು ನಾನು ಹೇಳಲಾರೆ. ಆದರೆ ಇದೇ ಆಗಿದ್ದ ಪಕ್ಷದಲ್ಲಿ ಆಕೆಯ ಪ್ರತಿಯೊಂದು ಮಗುವಿಗೂ ಅದು ಇಳಿದಿರುವ ಸಂಭವ ಅರ್ಧಕ್ಕರ್ಧ, ಒಡಹುಟ್ಟಿದ ನನ್ನ ತಾಯಿಯಲ್ಲಿಯೂ ಅದಿರಬಹುದು, ತಾಯಿಯಲ್ಲಿದ್ದರೆ ನನ್ನಲ್ಲಿಯೂ.

ನಮ್ಮ ದೇಶದಲ್ಲಿ ಈ ವೃತ್ತಿಯನ್ನು ಹಿಡಿದವರ ದಾರಿ ಸುಗಮವಾದದ್ದಲ್ಲ. ಎಂಬಿಬಿಎಸ್ ಮುಗಿಸಿದ ತರುಣನಿಗೆ ಔಷಧವಿಜ್ಞಾನದಲ್ಲಿ ಎಂಡಿ ಮಾಡುತ್ತೇನೆಂದರೆ ಮನೆಯವರ ಮುಖ ಬಾಡುವುದು. ಡಾಕ್ಟರಾಗಿ ರೋಗಿಯನ್ನು ನೋಡುವುದಿಲ್ಲವೇ ಎಂದು ನೆಂಟರು ಕೇಳುವರು. ಪುದುಚೇರಿಯ ಜಿಪ್‌ಮರ್ ಸಂಸ್ಥೆಯಲ್ಲಿ ಸಿ. ಆದಿತನ್ ಅವರೂ ಅವರ ಶಿಷ್ಯರೂ ದಶಕಗಳ ಕಾಲ ತಾಳ್ಮೆಯಿಂದ ದಕ್ಷಿಣ ಭಾರತೀಯರ ಕಿಣ್ವಗಳ ಲೆಕ್ಕವನ್ನು ಬರೆದರು. ತಮಿಳರೊಡನೆ ಆಂಧ್ರರ, ಕೇರಳೀಯರ, ಕನ್ನಡಿಗರ ರಕ್ತವನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ, ಫಿಟ್ಸಿನ ಫೆನಿಟಾಯಿನ್ ಮೊದಲಾದ ಔಷಧಗಳನ್ನು ಅರಗಿಸುವ ಕಿಣ್ವಗಳು ನಮ್ಮಲ್ಲಿ ಹೇಗಿವೆಯೆಂದು ತಿಳಿಸಿದರು. ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜಿನಲ್ಲಿ ಜಿ. ಪಾರ್ಥಸಾರಥಿ ಅವರು ಔಷಧಶಾಲೆಯ ಕಟಕಟೆಯ ಹಿಂದೆ ನಿಂತಿದ್ದ ಫಾರ್ಮಸಿಸ್ಟನನ್ನು ವಾರ್ಡಿನೊಳಕ್ಕೆ, ರೋಗಿಯ ಹಾಸಿಗೆಯ ಬಳಿಗೆ ಕರೆತಂದವರಲ್ಲಿ ಮೊದಲಿಗರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನ ಕೇಂದ್ರವು ಮುಂದೆ ನಿಂತು ನಡೆಸಿದ, 2020ರಲ್ಲಿ ಆರಂಭವಾದ ಜೀನೋಮ್ ಇಂಡಿಯಾ ಯೋಜನೆಯು ಎಂಬತ್ತಕ್ಕೂ ಹೆಚ್ಚು ಜನಸಮುದಾಯಗಳ ಸುಮಾರು ಹತ್ತು ಸಾವಿರ ಮಂದಿಯ ಸಂಪೂರ್ಣ ವಂಶಲಿಪಿಯನ್ನು ಓದಿ, 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟಿತು. ಹೆಳವನ ವಹಿಯ ಮುಂದೆ ಇದೊಂದು ಮಹಾವಹಿ.

ಆದರೆ ಮಹಾವಹಿಯಿದ್ದರೆ ಸಾಲದು. ಹಳ್ಳಿಯ ಮನೆಯಲ್ಲಿ ನಡೆದದ್ದು ಅಲ್ಲಿಯವರೆಗೆ ಮುಟ್ಟಬೇಕು. ಭಾರತದ ಔಷಧ ಸುರಕ್ಷತಾ ಕಾರ್ಯಕ್ರಮವು 2010ರಲ್ಲಿ ಆರಂಭವಾಗಿ, 2011ರಿಂದ ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗದಿಂದ ನಡೆಯುತ್ತಿದೆ. ವೈದ್ಯಕೀಯ ಕಾಲೇಜುಗಳಲ್ಲಿ ಅದರ ಕೇಂದ್ರಗಳಿವೆ. ಔಷಧ ಒಗ್ಗದೆ ತೊಂದರೆಯಾದರೆ ವೈದ್ಯರೇ ಬರೆಯಬೇಕೆಂದಿಲ್ಲ, ನರ್ಸಮ್ಮನೂ ಬರೆಯಬಹುದು, ರೋಗಿಯೂ ಬರೆಯಬಹುದು. ರೋಗಿಗಳಿಗೆಂದೇ ಕನ್ನಡದಲ್ಲಿ ಅಚ್ಚಾದ ನಮೂನೆಯಿದೆ. ಬರೆಯಲಾರದವರು 1800-180-3024 ಎಂಬ ಸಂಖ್ಯೆಗೆ ಹಣವಿಲ್ಲದೆ ದೂರವಾಣಿ ಮಾಡಬಹುದು. ಅಲ್ಲಿ ಕುಳಿತವರು ಕೇಳುವ ಪ್ರಶ್ನೆಗಳು ಊರ ಹಿರಿಯರು ನ್ಯಾಯ ಮಾಡುವಾಗ ಕೇಳುವಂಥವೇ: ಗುಳಿಗೆ ನುಂಗಿದ್ದು ಮೊದಲೋ, ಗಂಧೆ ಎದ್ದದ್ದು ಮೊದಲೋ? ನಿಲ್ಲಿಸಿದ ಮೇಲೆ ಕಡಿಮೆಯಾಯಿತೇ? ಹಿಂದೆ ಇದೇ ಮದ್ದಿನಿಂದ ಹೀಗಾಗಿತ್ತೇ? ಬೇರೆ ಕಾರಣವಿರಬಹುದೇ? ಒಂದೊಂದು ಉತ್ತರವನ್ನೂ ತೂಗಿ ನೋಡಿ, ಔಷಧದ ಮೇಲಣ ಆರೋಪ ನಿಶ್ಚಿತವೋ, ಸಂಭಾವ್ಯವೋ, ಶಂಕಾಸ್ಪದವೋ ಎಂದು ನಿರ್ಣಯಿಸುತ್ತಾರೆ. ನಮ್ಮ ಮನೆಯಲ್ಲಿ ಬೇವಿನ ಸೊಪ್ಪು ಕಟ್ಟಿದ ಆ ಮೂರು ದಿನಗಳಲ್ಲಿ ಇವುಗಳಲ್ಲಿ ಮೊದಲನೆಯ ಪ್ರಶ್ನೆಯನ್ನು ಯಾರಾದರೊಬ್ಬರು ಕೇಳಿದ್ದರೆ ಚಿಕ್ಕಮ್ಮನ ಬೆನ್ನಿನ ಮೇಲೆ ಇಂದಿಗೂ ಇರುವ ಬಿಳಿಯ ಕಲೆಗಳು ಅಷ್ಟು ಅಗಲವಾಗಿ ಇರುತ್ತಿರಲಿಲ್ಲ. ಬೇವು ಕಟ್ಟಿದ್ದನ್ನು ನಾನು ಹಳಿಯುವುದಿಲ್ಲ. ಅದು ಕಟ್ಟಿದವರ ಪ್ರೀತಿ. ಗುಳಿಗೆ ಕೊಡುವ ಕೈಯೇ ಎಚ್ಚರಿಕೆಯ ಮಾತನ್ನೂ ಕೊಡಬೇಕಾಗಿತ್ತು ಎಂಬುದಷ್ಟೇ ನನ್ನ ಹೃದಯದ ಬೇಗೆ.

ಕಳೆದ ಸುಗ್ಗಿಯಲ್ಲಿ ಹೆಳವನು ಬಂದಾಗ ಮನೆಯವರೆಲ್ಲ ಪಡಸಾಲೆಯಲ್ಲಿ ಕುಳಿತಿದ್ದರು. ಅವನು ಹೊಸದಾಗಿ ಹುಟ್ಟಿದ ಎರಡು ಕೂಸುಗಳ ಹೆಸರನ್ನು ಸೇರಿಸಿಕೊಂಡು, ವಹಿಯನ್ನು ಮಡಿಸಲು ಹೊರಟಾಗ ಚಿಕ್ಕಮ್ಮ ಸಂಚಿಯ ದಾರವನ್ನು ಬಿಚ್ಚಿ, ಆ ಚೀಟಿಯನ್ನು ಬಹಳ ಜೋಪಾನದಿಂದ ನೆಲದ ಮೇಲೆ ಹರವಿದರು. ಯಪ್ಪಾ, ಇದನ್ನೂ ಒಂಚೂರು ಬರ್ಕಾ ಎಂದರು. ಅವನು ಚೀಟಿಯನ್ನು ನೋಡಿದ. ಮದ್ದಿನ ಹೆಸರು ಇದರಾಗ ಬರಿಯಂಗಿಲ್ಲವ್ವ, ಗಂಡಸರ ಸಾಲಿನ ವಹಿ ಇದು, ನೀನು ಈ ಮನಿಗೆ ಬಂದಾಕಿ, ನಿನ್ನ ರಕ್ತದ ಮಾತು ನಿನ್ನ ತವರಿನ ವಹ್ಯಾಗ ಬರಬೇಕು ಎಂದ. ಅವನು ಹೇಳಿದ್ದು ಅವನ ಶಾಸ್ತ್ರದ ಪ್ರಕಾರ ಸರಿಯಾಗಿಯೇ ಇತ್ತು. ಜೀನುಗಳು ತಾಯಿಯಿಂದಲೂ ಬರುತ್ತವೆಂಬುದನ್ನು ಹೇಗೆ ಹೇಳಲೆಂದು ನಾನು ಮಾತು ಹುಡುಕುತ್ತಿದ್ದಾಗಲೇ ಚಿಕ್ಕಮ್ಮ, ಮಕ್ಕಳು ಈ ಮನಿಯವಲ್ಲೇನು ಎಂದು ಕೇಳಿದರು. ಹೆಳವನು ಕೊಂಚ ಹೊತ್ತು ಸುಮ್ಮನಿದ್ದು, ವಹಿಯನ್ನು ಮತ್ತೆ ಬಿಡಿಸಿ, ಪೆನ್ನಿನ ಮುಚ್ಚಳ ತೆಗೆದು, ಹೆಂಗ ಬರೀಬೇಕು ಹೇಳ್ರಿ ಎಂದು ನನ್ನ ಕಡೆ ತಿರುಗಿದ. ನಾನು ಒಂದೊಂದೇ ಅಕ್ಷರವನ್ನು ಹೇಳುತ್ತ ಹೋದೆ. ಅವನು ಚಿಕ್ಕಮ್ಮನ ಹೆಸರಿನ ಪಕ್ಕದ ಅಂಚಿನಲ್ಲಿ ದುಂಡಗೆ ಬರೆಯುತ್ತ ಹೋದ. ಅಂಚು ಕಿರಿದಾದುದರಿಂದ ಕಾರ್ಬಮ ಎಂಬಲ್ಲಿಗೆ ಜಾಗ ಮುಗಿದು, ಉಳಿದ ಅಕ್ಷರಗಳು ಕೆಳಗಿನ ಸಾಲಿಗೆ, ಆಕೆಯ ಹಿರಿಯ ಮಗನ ಹೆಸರಿನ ಪಕ್ಕಕ್ಕೆ, ಇಳಿದವು.